ದೇವರು ಗಂಡಾ, ಹೆಣ್ಣಾ? ದೇವರ ಸ್ವರೂಪ ಅಂದರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ನಮ್ಮ ಊರಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕ್ರಿಸ್ತೀ ಶಿಕ್ಷಣದ ಕ್ಲಾಸು ಇರುತ್ತದೆ. ಅಲ್ಲಿ ಕಲಿಸಲು ಶುರುಮಾಡಿ ನನಗೆ ಹದಿನೆಂಟು ವರ್ಷ ಆಯಿತು. ಮಕ್ಕಳು ಕ್ಲಾಸಿನಲ್ಲಿ ಕೇಳಿದ್ದು, ತಾಯಂದಿರು ಇಗರ್ಜಿಯ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ್ದು, ಕೆಲವರು ಚೀಟಿಯಲ್ಲಿ ಬರೆದುಕೊಟ್ಟದ್ದು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ಅತಿ ಜಾಸ್ತಿ ಸಲ ಬಂದ ವಿಷಯ ಇದು. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ನಾನು ಕಥೋಲಿಕಳು, ಉತ್ತರವೂ ಆ ನಂಬಿಕೆಯ ಒಳಗಿನಿಂದಲೇ ಬಂದದ್ದು.

## ಮೊದಲ ಪ್ರಶ್ನೆಗಳು

ದೇವರು ಗಂಡಾ, ಹೆಣ್ಣಾ? ಸುತ್ತಿ ಬಳಸಿ ಬೇಡ, ಒಂದೇ ಮಾತಲ್ಲಿ ಹೇಳಿ.

ಎರಡೂ ಅಲ್ಲ.

ಗಂಡು ಹೆಣ್ಣು ಎನ್ನುವುದು ದೇಹ ಇರುವ ಜೀವಿಗಳ ಮಾತು. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಸಮಾರ್ಯದ ಹೆಂಗಸಿಗೆ ಬಾವಿಯ ಕಟ್ಟೆಯ ಹತ್ತಿರ ಹೇಳುತ್ತಾರೆ, ದೇವರು ಆತ್ಮಸ್ವರೂಪ ಎಂದು. ಹೋಶೇಯನ ಗ್ರಂಥದಲ್ಲಿ ದೇವರೇ ಹೇಳುವ ಮಾತಿದೆ: ನಾನು ದೇವರು, ಮನುಷ್ಯನಲ್ಲ. ಅಲ್ಲಿ ಬಳಸಿದ ಹೀಬ್ರೂ ಪದ ಗಂಡಸು ಎನ್ನುವ ಅರ್ಥದ್ದೇ. 1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನು ನೇರವಾಗಿ ಹೇಳಿದೆ. ದೇವರು ಗಂಡೂ ಅಲ್ಲ ಹೆಣ್ಣೂ ಅಲ್ಲ, ದೇವರು ದೇವರೇ.

ಚಿತ್ರದಲ್ಲಿ ಬಿಳಿ ಗಡ್ಡದ ಅಜ್ಜ ಇದ್ದಾರಲ್ಲಾ ಟೀಚರ್?

ಆ ಅಜ್ಜ ಬಂದದ್ದು ದಾನಿಯೇಲನ ಗ್ರಂಥದ 7ನೇ ಅಧ್ಯಾಯದಿಂದ. ದಾನಿಯೇಲನಿಗೆ ಒಂದು ದರ್ಶನ ಆಗುತ್ತದೆ. ಅದರಲ್ಲಿ ಉಣ್ಣೆಯಂಥ ಬಿಳಿ ಕೂದಲಿನ ಪುರಾತನರು ಸಿಂಹಾಸನದ ಮೇಲೆ ಕೂತಿರುತ್ತಾರೆ. ದೇವರಿಗೆ ಆದಿ ಅಂತ್ಯ ಇಲ್ಲ ಎನ್ನುವುದನ್ನು ಕಣ್ಣಿಗೆ ತೋರಿಸುವ ರೀತಿ ಅದು. ಆಮೇಲೆ ಯುರೋಪಿನ ಚಿತ್ರಕಾರರು ಅದನ್ನೇ ಹಿಡಿದುಕೊಂಡರು. ರೋಮಿನ ಸಿಸ್ಟೀನ್ ಚಾಪೆಲಿನ ಒಳಚಾವಣಿಯಲ್ಲಿ ಮೈಕೆಲಾಂಜೆಲೊ 1508ರಿಂದ 1512ರವರೆಗೆ ಬಿಡಿಸಿದ ಚಿತ್ರವೇ ಸುತ್ತಿ ಸುತ್ತಿ ನಮ್ಮ ಮನೆಯ ಕ್ಯಾಲೆಂಡರಿಗೂ ಬಂತು. ಚಿತ್ರ ಚೆನ್ನಾಗಿದೆ. ಆದರೆ ಅದು ದೇವರ ಫೋಟೋ ಅಲ್ಲ.

ನಮ್ಮ ಅಜ್ಜಿಯ ಬೈಬಲ್ಲಿನಲ್ಲಿ ದೇವರು 'ಮಾಡಿದನು' ಅಂತ ಇದೆ, ನನ್ನದರಲ್ಲಿ 'ಮಾಡಿದರು'. ಯಾವುದು ಸರಿ?

ಈ ಪ್ರಶ್ನೆ ಕೇಳಿದ ಹುಡುಗ ಎರಡೂ ಪುಸ್ತಕ ಹೊತ್ತುಕೊಂಡು ಬಂದಿದ್ದ. ಅಜ್ಜಿಯದ್ದಕ್ಕೆ ಬಟ್ಟೆಯ ರಟ್ಟು, ಪುಟದ ಅಂಚೆಲ್ಲ ಕಂದು ಬಣ್ಣ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಆದಿಕಾಂಡದ ಮೊದಲ ಪುಟವನ್ನು ಎಲ್ಲರಿಗೂ ತೋರಿಸಿದೆ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಕನ್ನಡದಲ್ಲಿ 'ದೇವರು' ಎನ್ನುವ ಪದವೇ ಗೌರವದ ಬಹುವಚನ. ಅದಕ್ಕೆ 'ಮಾಡಿದರು' ಸೇರಿಸಿದರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಅಮ್ಮನೂ 'ಮಾಡಿದರು', ಅಪ್ಪನೂ 'ಮಾಡಿದರು'. ಹಳೆಯ ಅನುವಾದದವರಿಗೆ ದೇವರು ಒಬ್ಬರೇ ಎನ್ನುವುದು ಮುಖ್ಯವಾಗಿತ್ತು. ಬಹುವಚನ ಹಾಕಿದರೆ ಹಲವು ದೇವರು ಎಂದು ತಿಳಿದಾರು ಎನ್ನುವ ಚಿಂತೆ ಇದ್ದಿರಬೇಕು. ಅದಕ್ಕೆ ಏಕವಚನ. ಆದರೆ ಕನ್ನಡದಲ್ಲಿ ಏಕವಚನ ಹಾಕಿದ ಕೂಡಲೇ -ನು, -ಳು, -ತು ಈ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಅವರು -ನು ಆರಿಸಿದರು.

ಹೀಬ್ರೂವಿನ ಕಷ್ಟ ಇನ್ನೊಂದು ಥರ. ಆ ಭಾಷೆಯಲ್ಲಿ ಇರುವುದು ಪುಲ್ಲಿಂಗ, ಸ್ತ್ರೀಲಿಂಗ ಎರಡೇ, ನಪುಂಸಕ ಇಲ್ಲ. ಆದಿಕಾಂಡದ ಮೊದಲ ವಾಕ್ಯದಲ್ಲಿ ದೇವರಿಗೆ ಇರುವ ಪದ 'ಎಲೋಹೀಮ್', ರೂಪದಲ್ಲಿ ಬಹುವಚನ. ಅದರ ಕ್ರಿಯಾಪದ ಮಾತ್ರ ಏಕವಚನ, ಪುಲ್ಲಿಂಗ. ಹೀಬ್ರೂವಿನಲ್ಲಿ ಕಲ್ಲಿಗೂ ಊರಿಗೂ ಲಿಂಗ ಇದೆ. ಆದ್ದರಿಂದ ವ್ಯಾಕರಣದ ಲಿಂಗವನ್ನು ನೋಡಿ ದೇವರ ಲಿಂಗ ಹೇಳಲು ಬರುವುದಿಲ್ಲ.

ಇದು ನಮ್ಮ ಊರಿನವರಿಗೆ ಅರ್ಥವಾದಷ್ಟು ಸುಲಭವಾಗಿ ಬೇರೆಯವರಿಗೆ ಅರ್ಥ ಆಗಲಿಕ್ಕಿಲ್ಲ. ಸುಮ್ನೆ ನೋಡಿ. ಮನೆಯಲ್ಲಿ ಕೊಂಕಣಿ ಮಾತಾಡುವ ಮಗು 'ದೇವ್ ಆಯ್ಲೊ' ಎನ್ನುತ್ತದೆ, ಅದು ಗಂಡು. ಶಾಲೆಯಲ್ಲಿ ಕನ್ನಡದಲ್ಲಿ 'ದೇವರು ಬಂದರು' ಎನ್ನುತ್ತದೆ, ಲಿಂಗ ಮಾಯ. ಅಂಗಡಿಯಲ್ಲಿ ತುಳುವಿನಲ್ಲಿ 'ದೇವೆರ್ ಬತ್ತೆರ್', ಅದೂ ಹಾಗೇ. ಬಸ್ಸಿನಲ್ಲಿ ಮಲಯಾಳದಲ್ಲಿ 'ದೈವಂ ವನ್ನು'. ಮಲಯಾಳದ ಕ್ರಿಯಾಪದಕ್ಕೆ ಲಿಂಗವೇ ಇಲ್ಲ, ಅಪ್ಪ ಬಂದರೂ ಅಮ್ಮ ಬಂದರೂ 'ವನ್ನು'. ಬೆಳಗ್ಗಿನಿಂದ ಸಂಜೆಯೊಳಗೆ ಆ ಮಗುವಿನ ಬಾಯಲ್ಲಿ ಭಾಷೆ ನಾಲ್ಕಾಯಿತು, ದೇವರ ಲಿಂಗ ಒಂದರಲ್ಲಿ ಇತ್ತು, ಉಳಿದ ಮೂರರಲ್ಲಿ ಇಲ್ಲ. ದೇವರು ಬದಲಾದರಾ? ಇಲ್ಲ ಅಲ್ವಾ.

ಹಾಗಾದ್ರೆ ದೇವರನ್ನು 'ಅದು' ಅಂತ ಕರೆದರೆ ಗಲಾಟೆಯೇ ಇಲ್ಲವಲ್ಲ?

ಪುಸ್ತಕದ ಕನ್ನಡದಲ್ಲಿ 'ಅದು' ಅಂದರೆ ವಸ್ತು. ದೇವರು ಕೇಳುತ್ತಾರೆ, ಪ್ರೀತಿಸುತ್ತಾರೆ, ಕರೆಯುತ್ತಾರೆ. ಹಾಗಾಗಿ ನಾನು 'ಅದು' ಬಳಸುವುದಿಲ್ಲ. ಆದರೆ ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಹವ್ಯಕರ ಮನೆಗಳಲ್ಲಿ ಅಕ್ಕನನ್ನೂ ಅಮ್ಮನನ್ನೂ 'ಅದು' ಎಂದೇ ಹೇಳುತ್ತಾರೆ, ತುಂಬ ಪ್ರೀತಿಯಿಂದಲೇ. ಒಂದು ಪದ ಗೌರವವೋ ಅಗೌರವವೋ ಎಂದು ತೀರ್ಮಾನ ಆಗುವುದು ಅದನ್ನು ಆಡುವ ಮನೆಯಲ್ಲಿ.

## ತಂದೆ, ತಾಯಿ

ಯೇಸುಸ್ವಾಮಿಯೇ 'ತಂದೆಯೇ' ಅಂತ ಪ್ರಾರ್ಥನೆ ಕಲಿಸಿದ್ದಾರೆ. ಅದಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?

ಖಂಡಿತ ಇಲ್ಲ. ದಿನಾ ನಾನೂ ಅದನ್ನೇ ಹೇಳುತ್ತೇನೆ, ಸಾಯುವವರೆಗೂ ಹೇಳುತ್ತೇನೆ. 'ತಂದೆ' ಎನ್ನುವುದು ಯೇಸು ನಮಗೆ ಕೊಟ್ಟ ಕರೆಯುವ ಮಾತು. ಅದು ಸಂಬಂಧವನ್ನು ಹೇಳುತ್ತದೆ, ಮೈಕಟ್ಟನ್ನು ಅಲ್ಲ. ಗೆತ್ಸೆಮನೆಯ ತೋಟದಲ್ಲಿ ಅವರು ಕರೆದದ್ದು 'ಅಬ್ಬಾ' ಎಂದು. ಅದು ಅವರ ಮನೆಮಾತಾದ ಅರಮಾಯಿಕ್ ಪದ. ಹತ್ತಿರದವರನ್ನು ಹತ್ತಿರದ ಮಾತಿನಲ್ಲೇ ಕರೆದರು.

ಇಲ್ಲಿ ಒಂದು ತುಳುವಿನ ವಿಷಯ ಹೇಳಬೇಕು. ತುಳುವಿನಲ್ಲಿ 'ಅಮ್ಮೆ' ಅಂದರೆ ಅಪ್ಪ, 'ಅಪ್ಪೆ' ಅಂದರೆ ಅಮ್ಮ. ಹೊರಗಿನಿಂದ ಬಂದವರು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಾರೆ. ನಮ್ಮ ಮಕ್ಕಳು ಮಾತ್ರ ಒಂದು ದಿನವೂ ತಪ್ಪಿ ಕರೆಯುವುದಿಲ್ಲ. ಸದ್ದಿನ ಹಿಂದೆ ಯಾರಿದ್ದಾರೆ ಎಂದು ಅವರಿಗೆ ಗೊತ್ತು.

ಬೈಬಲ್ಲಿನಲ್ಲಿ ದೇವರನ್ನು ತಾಯಿ ಅಂತ ಎಲ್ಲಾದರೂ ಹೇಳಿದ್ಯಾ? ನಾನಂತೂ ಓದಿಲ್ಲ.

ಇದೆ, ಧಾರಾಳವಾಗಿ ಇದೆ. ಪೂಜೆಯ ವಾಚನದಲ್ಲಿ ಕೆಲವು ಬರುತ್ತವೆ, ನಾವು ಕಿವಿ ಕೊಡುವುದಿಲ್ಲ ಅಷ್ಟೆ.

ಯೆಶಾಯನ ಗ್ರಂಥದಲ್ಲೇ ಜಾಸ್ತಿ. 42ನೇ ಅಧ್ಯಾಯದಲ್ಲಿ ದೇವರು ಹೆರಿಗೆ ನೋವು ತಿನ್ನುವ ಹೆಂಗಸಿನ ಹಾಗೆ ಕೂಗುತ್ತೇನೆ ಎನ್ನುತ್ತಾರೆ. 49ರಲ್ಲಿ, ಹೆತ್ತ ತಾಯಿ ಮೊಲೆಗೂಸನ್ನು ಮರೆತಾಳೇ, ಅವಳು ಮರೆತರೂ ನಾನು ಮರೆಯೆ ಎನ್ನುತ್ತಾರೆ. 66ರಲ್ಲಿ, ತಾಯಿ ಮಗನನ್ನು ಸಂತೈಸುವ ಹಾಗೆ ನಿಮ್ಮನ್ನು ಸಂತೈಸುತ್ತೇನೆ ಎಂದಿದೆ. ಧರ್ಮೋಪದೇಶಕಾಂಡದ 32ನೇ ಅಧ್ಯಾಯದಲ್ಲಿ ಮೋಶೆ ಜನರನ್ನು ಗದರಿಸುವುದೇ ಹೀಗೆ: ನಿಮ್ಮನ್ನು ಹೆತ್ತ ದೇವರನ್ನು ಮರೆತಿರಿ. ಲೂಕನ 15ನೇ ಅಧ್ಯಾಯದಲ್ಲಿ ಸಾಲಾಗಿ ಮೂರು ಕತೆ ಇವೆ. ಕಳೆದ ಕುರಿ ಹುಡುಕುವ ಕುರುಬ, ಕಳೆದ ನಾಣ್ಯ ಹುಡುಕುವ ಹೆಂಗಸು, ಓಡಿಹೋದ ಮಗನಿಗಾಗಿ ಕಾಯುವ ಅಪ್ಪ. ನಡುವಿನ ಹೆಂಗಸಿನ ಬಗ್ಗೆ ಪ್ರಸಂಗ ಕೇಳಿದ್ದು ನನಗೆ ತೀರಾ ಕಡಿಮೆ. ಅವಳು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ, ಸಿಗುವವರೆಗೆ ಬಿಡುವುದಿಲ್ಲ. ಕುರುಬನೂ ಅಪ್ಪನೂ ದೇವರನ್ನು ತೋರಿಸಿದರೆ ಅವಳೂ ತೋರಿಸುತ್ತಾಳೆ.

ಮತ್ತಾಯನ 23ನೇ ಅಧ್ಯಾಯದಲ್ಲಿ ಯೇಸು ಜೆರುಸಲೇಮಿಗಾಗಿ ಮರುಗುತ್ತಾ, ಕೋಳಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ಎಷ್ಟು ಸಲ ಆಸೆಪಟ್ಟೆ ಎನ್ನುತ್ತಾರೆ. ಇದು ನನಗೆ ಅರ್ಥವಾದದ್ದು ನಮ್ಮ ಅಂಗಳದಲ್ಲಿ. ಅಡಿಕೆ ಒಣಗಲು ಹಾಕಿದ್ದೆವು. ಹೇಂಟೆಯೊಂದು ಏಳೆಂಟು ಮರಿ ಕಟ್ಟಿಕೊಂಡು ಅಡಿಕೆಯ ನಡುವೆ ಕೆದಕುತ್ತಿತ್ತು. ಗಿಡುಗನ ನೆರಳು ಅಂಗಳದ ಮೇಲೆ ಹಾದುಹೋಯಿತು. ಹೇಂಟೆ ಒಂದೇ ಒಂದು ಸದ್ದು ಮಾಡಿತು. ಮರಿಗಳೆಲ್ಲ ಅದರ ಅಡಿಗೆ ನುಗ್ಗಿದವು. ಅದು ರೆಕ್ಕೆ ಅಗಲಿಸಿ ನೆಲಕ್ಕೆ ಒತ್ತಿಕೊಂಡು, ಕುತ್ತಿಗೆ ಮಾತ್ರ ಮೇಲೆ ಎತ್ತಿ ಆಕಾಶ ನೋಡುತ್ತಾ ಕೂತಿತು. ಗಿಡುಗ ಎರಗಿದ್ದರೆ ಮೊದಲ ಉಗುರು ಅದರ ಬೆನ್ನಿಗೇ. ಯೇಸು ತಮ್ಮ ಬಗ್ಗೆ ಹೇಳಿಕೊಳ್ಳಲು ಆರಿಸಿದ್ದು ಇದನ್ನು.

ಇನ್ನೊಂದು ಇದೆ. ಹೀಬ್ರೂವಿನಲ್ಲಿ ಗರ್ಭಕ್ಕೆ 'ರೆಹೆಮ್' ಎನ್ನುತ್ತಾರೆ, ಕರುಣೆಗೆ 'ರಹಮೀಮ್'. ಎರಡಕ್ಕೂ ಬೇರು ಒಂದೇ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಹೆತ್ತ ಕರುಳು' ಎಂದರೆ ಸಾಕು.

ನನ್ನಪ್ಪ ಕುಡಿದು ಬಂದು ಹೊಡೀತಿದ್ರು. 'ತಂದೆಯೇ' ಅಂತ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ. ನಾನು ಪಾಪ ಮಾಡ್ತಿದ್ದೇನಾ?

ಇಲ್ಲ ತಂಗಿ, ಪಾಪ ಅಲ್ಲ.

ಈ ಚೀಟಿಯನ್ನು ನಾನು ಎಷ್ಟೋ ದಿನ ಪರ್ಸಿನಲ್ಲೇ ಇಟ್ಟುಕೊಂಡಿದ್ದೆ. ದೇವರು ಅಪ್ಪನ ಹಾಗೆ ಎಂದು ಹೇಳುವಾಗ, ನಮ್ಮ ಅಪ್ಪನನ್ನು ಅಳತೆಗೋಲಾಗಿ ಹಿಡಿದು ದೇವರನ್ನು ಅಳೆಯಬೇಕು ಎಂದು ಅರ್ಥ ಅಲ್ಲ. ಅಳತೆ ಉಲ್ಟಾ. ಅಪ್ಪ ಅನ್ನಿಸಿಕೊಂಡವನು ಹೇಗಿರಬೇಕಿತ್ತು ಎನ್ನುವುದನ್ನು ದೇವರಲ್ಲಿ ನೋಡಬೇಕು. ನಿಮ್ಮ ಅಪ್ಪ ಮಾಡಿದ್ದು ದೇವರ ಗುಣ ಅಲ್ಲ. 27ನೇ ಕೀರ್ತನೆ ಬರೆದವರಿಗೆ ನಿಮ್ಮ ಕಷ್ಟ ಗೊತ್ತಿತ್ತು. ತಂದೆತಾಯಿ ನನ್ನನ್ನು ಕೈಬಿಟ್ಟರೂ ಪ್ರಭು ನನ್ನನ್ನು ಎತ್ತಿಕೊಳ್ಳುತ್ತಾರೆ ಎಂದು ಬರೆದಿದ್ದಾರೆ.

ಸದ್ಯಕ್ಕೆ ಬೇರೆ ಹೆಸರು ಹಿಡಿದು ಕರೆಯಿರಿ. ಕೀರ್ತನೆಗಳಲ್ಲಿ ಬಂಡೆ, ಕೋಟೆ, ಕುರುಬ, ಬೆಳಕು, ಆಸರೆ ಎಲ್ಲ ಇವೆ. ಇಗರ್ಜಿಯಲ್ಲಿ ಎಲ್ಲರೂ 'ತಂದೆಯೇ' ಎನ್ನುವಾಗ ಸುಮ್ಮನೆ ನಿಂತಿದ್ದರೂ ಪರವಾಗಿಲ್ಲ, ನಿಮ್ಮ ಪಾಲಿನದ್ದನ್ನೂ ನಾವು ಹೇಳುತ್ತೇವೆ. ಮತ್ತೆ, ಈಗಲೂ ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಸಹಾಯವನ್ನೂ ಕೇಳಿ. ಮಕ್ಕಳಿಗೆ 1098, ಹೆಂಗಸರಿಗೆ 181, ಎರಡೂ ಫ್ರೀ ನಂಬರು.

ಯೇಸು ಗಂಡಸೇ ಅಲ್ವಾ? ಅವರು ದೇವರಾದರೆ ದೇವರೂ ಗಂಡೇ ಆಯಿತಲ್ಲ?

ಯೇಸು ಗಂಡು ಮಗುವಾಗಿ ಹುಟ್ಟಿದರು, ನಿಜ. ಯೆಹೂದ್ಯರಾಗಿಯೂ ಹುಟ್ಟಿದರು, ಬಡಗಿಯ ಮನೆಯಲ್ಲಿ ಬೆಳೆದರು, ಗಲಿಲಾಯದ ಮಾತಾಡಿದರು. ಮನುಷ್ಯರಾಗಿ ಹುಟ್ಟಬೇಕಾದರೆ ಒಂದು ಊರು, ಒಂದು ಭಾಷೆ, ಒಂದು ದೇಹ ಬೇಕೇ ಬೇಕು. ಹಾಗೆಂದು ದೇವರು ಬಡಗಿ ಜಾತಿಯವರು ಎಂದು ಯಾರೂ ಹೇಳುವುದಿಲ್ಲ. ನಾವು ಭಾನುವಾರ ಹೇಳುವ ವಿಶ್ವಾಸ ಸಂಗ್ರಹದ ಗ್ರೀಕ್ ಮೂಲದಲ್ಲಿ ಅವರು 'ಮನುಷ್ಯರಾದರು' ಎನ್ನುವ ಕಡೆ ಇರುವುದು 'ಆಂತ್ರೊಪೊಸ್' ಪದದಿಂದ ಬಂದ ಮಾತು. ಆಂತ್ರೊಪೊಸ್ ಅಂದರೆ ಮನುಷ್ಯ. ಗಂಡಸಿಗೆ ಗ್ರೀಕಿನಲ್ಲಿ ಬೇರೆಯೇ ಪದ ಇದೆ, 'ಅನೇರ್'. ಅದನ್ನು ಅಲ್ಲಿ ಹಾಕಲಿಲ್ಲ. ನಾಲ್ಕನೇ ಶತಮಾನದ ನಾಜಿಯಾಂಜಿನ ಸಂತ ಗ್ರೆಗೊರಿ ಹೇಳಿದ್ದರು, ಕ್ರಿಸ್ತರು ಯಾವುದನ್ನು ತಮ್ಮದಾಗಿ ತೆಗೆದುಕೊಳ್ಳಲಿಲ್ಲವೋ ಅದು ಗುಣವಾಗಲಿಲ್ಲ ಎಂದು. ಅವರು ಗಂಡಸುತನವನ್ನು ಮಾತ್ರ ತೆಗೆದುಕೊಂಡಿದ್ದರೆ ಹೆಂಗಸರಿಗೆ ರಕ್ಷಣೆಯೇ ಇಲ್ಲ ಎಂದಾಗುತ್ತಿತ್ತು.

ಹಾಗಾದರೆ ಮಾತೆ ಮರಿಯಮ್ಮ ದೇವರ ಹೆಣ್ಣು ರೂಪವಾ?

ಅಲ್ಲ. ಬೇಳದ ದೊಡ್ಡ ಇಗರ್ಜಿ ವ್ಯಾಕುಲ ಮಾತೆಯ ಹೆಸರಿನದ್ದು, ಅಲ್ಲಿಗೆ ಹೋಗಿ ಮೊಣಕಾಲೂರಿದವಳು ನಾನು. ಯೇಸುವಿನ ತಾಯಿ ಮರಿಯಮ್ಮ ನಮ್ಮ ಹಾಗೆ ಸೃಷ್ಟಿಯಾದವರು. ದೇವರ ತಾಯ್ತನವನ್ನು ಅವರಲ್ಲಿ ಕಾಣಬಹುದು, ಆದರೆ ಆ ತಾಯ್ತನ ದೇವರದ್ದೇ.

## ಸ್ವರೂಪದ ಪ್ರಶ್ನೆಗಳು

ದೇವರ ಸ್ವರೂಪದಲ್ಲಿ ನಮ್ಮನ್ನು ಮಾಡಿದ್ದಾದರೆ ದೇವರಿಗೂ ಕಣ್ಣು ಮೂಗು ಇರಬೇಕಲ್ಲ?

ಕನ್ನಡದ 'ಸ್ವರೂಪ'ದಲ್ಲಿ 'ರೂಪ' ಇದೆ. ಅದಕ್ಕೇ ಮನಸ್ಸು ಕೂಡಲೇ ಮುಖದ ಕಡೆ ಹೋಗುತ್ತದೆ. ಆದಿಕಾಂಡದ 1ನೇ ಅಧ್ಯಾಯದಲ್ಲಿ ಎರಡು ಹೀಬ್ರೂ ಪದ ಇವೆ, 'ತ್ಸೆಲೆಮ್' ಮತ್ತು 'ದೆಮೂತ್'. ತ್ಸೆಲೆಮ್ ಅಂದರೆ ಪ್ರತಿಮೆ, ವಿಗ್ರಹ. ಆ ಕಾಲದ ರಾಜರು ತಮ್ಮ ಆಳ್ವಿಕೆ ಇರುವಲ್ಲಿ ತಮ್ಮ ಪ್ರತಿಮೆ ನಿಲ್ಲಿಸುತ್ತಿದ್ದರು. ರಾಜ ದೂರ ಇದ್ದರೂ ಇದು ಅವನ ನೆಲ ಎಂದು ಅದು ಹೇಳುತ್ತಿತ್ತು. 1979ರಲ್ಲಿ ಸಿರಿಯಾದ ತೆಲ್ ಫೆಖೆರಿಯೆ ಎನ್ನುವಲ್ಲಿ ಅಂಥ ಒಬ್ಬ ದೊರೆಯ ಕಲ್ಲಿನ ಪ್ರತಿಮೆ ಸಿಕ್ಕಿತು. ಅದರ ಮೇಲೆ ಅರಮಾಯಿಕ್ ಬರಹ ಇದೆ. ಆದಿಕಾಂಡದ ಆ ಎರಡು ಪದಗಳ ಜೋಡಿಯೇ ಅಲ್ಲೂ ಪ್ರತಿಮೆಗೆ ಬಳಕೆಯಾಗಿದೆ.

ರಾಜರು ಹೀಗೆ ತಮ್ಮ ಪ್ರತಿಮೆ ನಿಲ್ಲಿಸುತ್ತಿದ್ದ ಕಾಲದಲ್ಲಿ ಆದಿಕಾಂಡ ಹೇಳಿದ್ದೇನು? ದೇವರ ಪ್ರತಿಮೆ ಎಂದರೆ ಮನುಷ್ಯರು, ಎಲ್ಲ ಮನುಷ್ಯರು. ಹೊಲ ಉಳುವವಳೂ ಸೇರಿ. ಅದೇ ಆದಿಕಾಂಡದ 9ನೇ ಅಧ್ಯಾಯದಲ್ಲಿ ಕೊಲೆ ಮಾಡಬಾರದು ಎನ್ನಲು ಕೊಟ್ಟ ಕಾರಣವೂ ಇದೇ. ಯಾಕೋಬನ ಪತ್ರದ 3ನೇ ಅಧ್ಯಾಯ ಇನ್ನೂ ಹತ್ತಿರಕ್ಕೆ ಬರುತ್ತದೆ. ದೇವರನ್ನು ಹೊಗಳುವ ಅದೇ ನಾಲಗೆಯಿಂದ ದೇವರ ಹೋಲಿಕೆಯಲ್ಲಿರುವವರನ್ನು ಬೈಯುತ್ತೀರಲ್ಲ ಎಂದು ಕೇಳುತ್ತದೆ.

ದೇವರಿಗೆ ಮುಖ ಇದೆಯಾ ಎನ್ನುವುದಕ್ಕೆ ಧರ್ಮೋಪದೇಶಕಾಂಡದ 4ನೇ ಅಧ್ಯಾಯವೇ ಉತ್ತರ. ನೀವು ಯಾವ ರೂಪವನ್ನೂ ನೋಡಲಿಲ್ಲ, ಆದ್ದರಿಂದ ಗಂಡಿನದಾಗಲಿ ಹೆಣ್ಣಿನದಾಗಲಿ ವಿಗ್ರಹ ಮಾಡಿಕೊಳ್ಳಬೇಡಿ ಎಂದು ಅಲ್ಲಿದೆ.

ಟೀಚರ್, ನಾನು ಹುಡುಗಿ. ನಾನು ದೇವರ ಸ್ವರೂಪವಾ, ಆದಾಮನ ಪಕ್ಕೆಲುಬಾ?

ಆರನೇ ಕ್ಲಾಸಿನ ಹುಡುಗಿ. ಎಲ್ಲರೂ ಹೋದ ಮೇಲೆ ಬೆಂಚು ಜೋಡಿಸುವ ನೆಪದಲ್ಲಿ ಉಳಿದಿದ್ದಳು. ಹೊರಗೆ ಜೋರು ಮಳೆ. ಕೊಡೆಯ ಹಿಡಿಯನ್ನು ತಿರುಗಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು. ಅಣ್ಣ ಮನೆಯಲ್ಲಿ ಅವಳಿಗೆ 'ನೀನು ಎಲುಬು' ಎಂದಿದ್ದನಂತೆ.

ಬೈಬಲ್ ತೆರೆದು ಅವಳ ಕೈಗೇ ಕೊಟ್ಟೆ. ಆದಿಕಾಂಡ 1:27. ಅವಳೇ ಓದಿದಳು. ದೇವರ ಸ್ವರೂಪದಲ್ಲಿ ಮನುಷ್ಯರನ್ನು ಸೃಷ್ಟಿಮಾಡಿದ್ದು ಮತ್ತು ಗಂಡು ಹೆಣ್ಣಾಗಿ ಸೃಷ್ಟಿಮಾಡಿದ್ದು, ಎರಡೂ ಒಂದೇ ವಚನದಲ್ಲಿದೆ. ಗಂಡಿಗೆ ಮೊದಲು ಕೊಟ್ಟು ಉಳಿದದ್ದನ್ನು ಹೆಣ್ಣಿಗೆ ಹಂಚಿದ್ದಲ್ಲ. ಆದಾಮನ ಎಲುಬಿನಿಂದ ಹೆಣ್ಣನ್ನು ಮಾಡಿದ ಕತೆ 2ನೇ ಅಧ್ಯಾಯದ್ದು. ಅಲ್ಲಿ ಎಲುಬು ಎಂದು ಅನುವಾದವಾದ ಹೀಬ್ರೂ ಪದ ಬೇರೆ ಕಡೆ ಗುಡಾರದ, ದೇವಾಲಯದ 'ಪಕ್ಕ'ಕ್ಕೂ ಬಳಕೆಯಾಗಿದೆ. ಅವಳನ್ನು ಕಂಡ ಆದಾಮ ಹೇಳಿದ್ದು, ಇವಳು ನನ್ನ ಎಲುಬಿನ ಎಲುಬು, ನನ್ನ ಮಾಂಸದ ಮಾಂಸ ಎಂದು. ಅದು ನೀನು ನನ್ನವಳೇ, ನನ್ನ ಸಮಾನಳೇ ಎನ್ನುವ ಸಂತೋಷದ ಮಾತು. ಅವಳನ್ನು 'ಸಹಾಯ' ಎಂದು ಕರೆದ ಪದ 'ಏಜೆರ್'. ಬೈಬಲ್ಲಿನಲ್ಲಿ ಆ ಪದ ಹೆಚ್ಚಾಗಿ ಬಳಕೆಯಾಗಿರುವುದು ದೇವರಿಗೇ. 'ನನಗೆ ಸಹಾಯ ಎಲ್ಲಿಂದ ಬರುವುದು' ಎನ್ನುವ 121ನೇ ಕೀರ್ತನೆಯಲ್ಲಿ ಇರುವುದೂ ಅದರದ್ದೇ ರೂಪ. ಸಹಾಯ ಮಾಡುವವರು ಕೆಳಗಿನವರು ಎಂದು ಯಾರೂ ಹೇಳುವಂತಿಲ್ಲ.

ಅವಳು ವಚನದ ನಂಬರನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಹೋದಳು. ಅಣ್ಣನಿಗೆ ತೋರಿಸಲು.

ಮಂಗಳಮುಖಿಯರು ಗಂಡೂ ಅಲ್ಲ, ಹೆಣ್ಣೂ ಅಲ್ಲ ಅಂತಾರೆ. ಅವರು ದೇವರ ಸ್ವರೂಪದಲ್ಲಿಲ್ವಾ?

ಇದ್ದಾರೆ. ಸ್ವರೂಪ ಸಿಕ್ಕಿದ್ದು ಮನುಷ್ಯರಾದದ್ದಕ್ಕೆ. ತಾಯಿಯ ಗರ್ಭದಿಂದಲೇ ಬೇರೆ ಥರ ಹುಟ್ಟಿದವರ ಬಗ್ಗೆ ಯೇಸು ಮತ್ತಾಯನ 19ನೇ ಅಧ್ಯಾಯದಲ್ಲಿ ಮಾತಾಡುತ್ತಾರೆ, ತಿರಸ್ಕಾರದ ಒಂದು ಮಾತೂ ಇಲ್ಲದೆ. ಯೆಶಾಯ 56ರಲ್ಲಿ ನಪುಂಸಕರಿಗೆ ಗಂಡುಹೆಣ್ಣು ಮಕ್ಕಳಿಗಿಂತ ದೊಡ್ಡ ಹೆಸರು ಕೊಡುತ್ತೇನೆ ಎಂದು ದೇವರು ಮಾತು ಕೊಟ್ಟಿದ್ದಾರೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಪವಿತ್ರಾತ್ಮ ಹೆಣ್ಣು ಅಂತ ಒಬ್ಬರು ಹೇಳಿದರು. ಹೌದಾ?

ಆತ್ಮಕ್ಕೆ ಹೀಬ್ರೂವಿನಲ್ಲಿ 'ರೂಆಹ್', ಹೆಚ್ಚಾಗಿ ಸ್ತ್ರೀಲಿಂಗ. ಗ್ರೀಕಿನಲ್ಲಿ 'ಪ್ನೆವ್ಮಾ', ನಪುಂಸಕ. ಲ್ಯಾಟಿನ್ನಿನಲ್ಲಿ 'ಸ್ಪಿರಿತುಸ್', ಪುಲ್ಲಿಂಗ. ಭಾಷೆ ದಾಟಿದ ಹಾಗೆ ಲಿಂಗವೂ ಬದಲಾಯಿತು, ನಮ್ಮ ಊರಿನ ಮಗುವಿನ ಬಾಯಲ್ಲಿ ಆದ ಹಾಗೆಯೇ.

ಆದರೆ ನಿಮಗೆ ಹೇಳಿದವರು ಪೂರ್ತಿ ಸುಳ್ಳು ಹೇಳಿಲ್ಲ. ಸಿರಿಯಾಕ್ ಭಾಷೆಯಲ್ಲಿ 'ರೂಹಾ' ಸ್ತ್ರೀಲಿಂಗ. ಆ ಭಾಷೆಯ ಮೊದಮೊದಲ ಕ್ರೈಸ್ತರು ಪವಿತ್ರಾತ್ಮರನ್ನು ತಾಯಿಯಂತೆ ಕಂಡು ಬರೆದಿದ್ದಾರೆ. ನಾಲ್ಕನೇ ಶತಮಾನದ ಅಫ್ರಹಾತ್ ಎನ್ನುವವರ ಬರಹದಲ್ಲಿ ಇದು ಸ್ಪಷ್ಟವಾಗಿದೆ. ಕೇರಳದ ಸಂತ ತೋಮರ ಕ್ರೈಸ್ತರ ಪೂಜೆಯ ಭಾಷೆ ಶತಮಾನಗಳ ಕಾಲ ಅದೇ ಸಿರಿಯಾಕ್. ನಮ್ಮ ಜಿಲ್ಲೆಯ ಪೂರ್ವದ ಗುಡ್ಡಗಳಿಗೆ ತಿರುವಾಂಕೂರಿನಿಂದ ಬಂದು ನೆಲೆಸಿದ ಮನೆಗಳ ಹಿರಿಯರಿಗೆ 'ರೂಹಾ' ಎನ್ನುವ ಪದ ಈಗಲೂ ಗೊತ್ತು. ಅದರಿಂದ ಪಿತ, ಸುತ, ಪವಿತ್ರಾತ್ಮ ಎನ್ನುವ ತ್ರಿತ್ವದಲ್ಲಿ ಒಬ್ಬರು ಹೆಣ್ಣು, ಇಬ್ಬರು ಗಂಡು ಎಂದು ಹಂಚಲು ಮಾತ್ರ ಹೋಗಬೇಡಿ. ಅದು ಮತ್ತೆ ದೇವರಿಗೆ ದೇಹ ಕಟ್ಟಿದ ಹಾಗೆ.

ಪಕ್ಕದ ಮನೆಯವರು ದೇವಿಯನ್ನು ಪೂಜಿಸುತ್ತಾರೆ, ತಳಂಗರೆಯ ನನ್ನ ಗೆಳತಿ ಅಲ್ಲಾಹು ಅನ್ನುತ್ತಾಳೆ. ಈ ವಿಷಯದಲ್ಲಿ ಅವರು ಏನು ಹೇಳ್ತಾರೆ?

ನಿಮ್ಮ ಗೆಳತಿ 'ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್' ಎನ್ನುವಾಗ ಕಿವಿಗೊಟ್ಟು ಕೇಳಿ. ರಹ್ಮಾನ್, ರಹೀಮ್, ಎರಡೂ ನಾನು ಮೇಲೆ ಹೇಳಿದ ಗರ್ಭದ ಬೇರಿನವೇ. ಅರಬ್ಬಿಯಲ್ಲಿ ಸರ್ವನಾಮ ಪುಲ್ಲಿಂಗ, ಆದರೆ ಅಲ್ಲಾಹನಿಗೆ ಹೋಲುವಂಥದ್ದು ಯಾವುದೂ ಇಲ್ಲ ಎಂದು ಕುರ್‌ಆನ್ ಹೇಳುತ್ತದೆ.

ಪಕ್ಕದ ಮನೆಯವರ ದಾರಿ ಬೇರೆ. ಅಲ್ಲಿ ದೇವರಿಗೆ ಗಂಡು ರೂಪವೂ ಇದೆ, ಹೆಣ್ಣು ರೂಪವೂ ಇದೆ, ಎರಡೂ ಒಂದಾದ ಅರ್ಧನಾರೀಶ್ವರನೂ ಇದ್ದಾನೆ. ನಮ್ಮ ಕಡೆ ದೈವಗಳಿಗೆ ವೇಷ ಕಟ್ಟಿ ಕುಣಿಯುವ ತೆಯ್ಯದಲ್ಲಿ ಗಂಡಸೇ ಮುಖಕ್ಕೆ ಬಣ್ಣ ಬರೆಸಿಕೊಂಡು ಭಗವತಿಯಾಗಿ ನಿಲ್ಲುತ್ತಾನೆ. ಜನ ಕೈಮುಗಿಯುವುದು ಆ ತಾಯಿಗೆ. ನಮ್ಮ ಕನ್ನಡದಲ್ಲೇ ಜೇಡರ ದಾಸಿಮಯ್ಯನವರು ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಎಷ್ಟೋ ಶತಮಾನಗಳ ಹಿಂದೆ ಹೇಳಿಬಿಟ್ಟಿದ್ದಾರೆ. ಎಲ್ಲವೂ ಒಂದೇ ಎಂದು ನಾನು ಹೇಳುವುದಿಲ್ಲ, ವ್ಯತ್ಯಾಸಗಳು ನಿಜವಾಗಿ ಇವೆ. ಆದರೆ ದೇವರನ್ನು ಗಂಡಸಿನ ಅಳತೆಗೆ ಹೊಲಿಯಲು ಆಗುವುದಿಲ್ಲ ಎನ್ನುವುದು ನೆರೆಹೊರೆಯವರಿಗೂ ಗೊತ್ತಿದೆ.

ಸಂತ ಪೌಲರು 1 ಕೊರಿಂಥ 11ರಲ್ಲಿ ಗಂಡಸೇ ದೇವರ ಪ್ರತಿರೂಪ ಅಂತ ಬರೆದಿದ್ದಾರೆ. ಇದನ್ನು ನೀವು ಹೇಳುವುದೇ ಇಲ್ಲ?

ಹೇಳುತ್ತೇನೆ. 7ನೇ ವಚನ ಕಷ್ಟದ್ದೇ. ಗಂಡಸು ದೇವರ ಪ್ರತಿರೂಪ ಮತ್ತು ಮಹಿಮೆ, ಹೆಂಗಸು ಗಂಡಸಿನ ಮಹಿಮೆ ಎಂದಿದೆ. ಇದನ್ನು ಹಿಡಿದು ಹೆಂಗಸರನ್ನು ಕೆಳಗೆ ಇಟ್ಟವರು ಧರ್ಮಸಭೆಯ ಒಳಗೇ ಇದ್ದರು, ಅದನ್ನು ಮುಚ್ಚಿಡಬಾರದು. ಆದರೆ ಗಮನಿಸಿ, ಹೆಂಗಸು ದೇವರ ಪ್ರತಿರೂಪ ಅಲ್ಲ ಎಂದು ಪೌಲರು ಬರೆದಿಲ್ಲ. ಕೊರಿಂಥದವರ ನಡುವೆ ಪ್ರಾರ್ಥನೆಯಲ್ಲಿ ತಲೆಗೆ ಮುಸುಕು ಹಾಕುವ ವಿಷಯ ಎದ್ದಿತ್ತು, ಅದರ ನಡುವಿನ ಮಾತು ಇದು. ನಾಲ್ಕು ವಚನ ಆದ ಮೇಲೆ ಅವರೇ ತಡೆದು ಹೇಳುತ್ತಾರೆ: ಪ್ರಭುವಿನಲ್ಲಿ ಗಂಡಿಲ್ಲದೆ ಹೆಣ್ಣಿಲ್ಲ, ಹೆಣ್ಣಿಲ್ಲದೆ ಗಂಡಿಲ್ಲ. ಹೆಣ್ಣು ಗಂಡಿನಿಂದ ಬಂದ ಹಾಗೆ ಗಂಡು ಹೆಣ್ಣಿನಿಂದ ಹುಟ್ಟುತ್ತಾನೆ, ಎಲ್ಲವೂ ದೇವರಿಂದ. 7ನ್ನು ಓದಿದವರು 11, 12ನ್ನೂ ಅದೇ ಧ್ವನಿಯಲ್ಲಿ ಓದಲಿ ಎಂದು ನನ್ನ ಬೇಡಿಕೆ.

ನನ್ನ ಮಗಳು ರಾತ್ರಿ ಮಲಗುವಾಗ 'ದೇವರಮ್ಮಾ' ಅಂತ ಪ್ರಾರ್ಥನೆ ಮಾಡ್ತಾಳೆ. ತಿದ್ದಬೇಕಾ?

ಬೈಯಬೇಡಿ. 1978ರ ಸೆಪ್ಟೆಂಬರಿನಲ್ಲಿ ಪೋಪ್ ಒಂದನೇ ಜಾನ್ ಪಾಲ್ ಭಾನುವಾರದ ಮಾತಿನಲ್ಲಿ ದೇವರು ನಮ್ಮ ತಂದೆ, ಅದಕ್ಕಿಂತಲೂ ಜಾಸ್ತಿ ನಮ್ಮ ತಾಯಿ ಎಂದಿದ್ದರು. ಅವರು ಪೋಪ್ ಆಗಿ ಇದ್ದದ್ದೇ 33 ದಿನ. ಆ ಕೆಲವೇ ದಿನಗಳಲ್ಲಿ ಹೇಳಿದ ಮಾತು ಇದು.

ಎಲ್ಲರೂ ಸೇರಿ ಹೇಳುವ ಪ್ರಾರ್ಥನೆಯ ಮಾತನ್ನು ಬದಲಾಯಿಸುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಕ್ರೈಸ್ತರಾಗುವ ಸಂಸ್ಕಾರವಾದ ಜ್ಞಾನಸ್ನಾನವಂತೂ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲೇ ಆಗಬೇಕು. ಬೇರೆ ಪದ ಹಾಕಿದರೆ ಅದು ಸಿಂಧುವಲ್ಲ ಎಂದು ವ್ಯಾಟಿಕನ್ 2008ರಲ್ಲಿ ಖಚಿತವಾಗಿ ಹೇಳಿದೆ. ಆದರೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಮಗುವಿನ ಮಾತು ಅವಳ ಮತ್ತು ದೇವರ ನಡುವಿನದ್ದು. ಇವತ್ತು ರಾತ್ರಿ ಅವಳ ಪಕ್ಕ ಕೂತು ಯೆಶಾಯ 66:13ನ್ನು ಓದಿ. ಆಮೇಲೆ ಇಬ್ಬರೂ ಸೇರಿ 'ಆಮ್ಚ್ಯಾ ಬಾಪಾ ಸರ್ಗಿಂಚ್ಯಾ', ಅಂದರೆ ಕೊಂಕಣಿಯ 'ಸ್ವರ್ಗದ ನಮ್ಮ ತಂದೆಯೇ' ಪ್ರಾರ್ಥನೆ, ಹೇಳಿ ದೀಪ ಆರಿಸಿ.